ಮೂರನೇ ಗೇರಿನಲ್ಲಿ

ಜಾವಾ ಬೈಕಿಗೆ ಎಡಗಡೆ ಒಂದೇ ಕೋಲು:
ಒಳಕ್ಕೆ ಒತ್ತಿ ಎತ್ತಿದರೆ ಕಿಕ್ಕರ್, ಇಳಿಸಿದರೆ ಗೇರು.
ಅಡುಗೆಗೂ ಕೊಟ್ಟಿಗೆಗೂ ಒಬ್ಬಳೇ ಸೊಸೆ ಇದ್ದ ಹಾಗೆ.
ಅದರ ಹಲ್ಲು ಸವೆದಿದೆ ಎಂದು ಓಟಾಕರ್ ವಸಂತದಲ್ಲೇ ಹೇಳಿದ್ದ.
ಇನ್ನೊಂದು ಬೇಸಗೆ ನಡೆದೀತು ಬಿಡು, ಅಂದಿದ್ದೆ.
ನನ್ನ ಹಲ್ಲಿನ ಡಾಕ್ಟರಿಗೂ ಹಾಗೇ ಅಂದಿದ್ದೆ.

ಇಪ್ಪತ್ತೆರಡು ವರ್ಷ ಹಿಂದಿನ ಸೀಟಿನಲ್ಲಿ ಕೂತು
ಈ ಮೇಳಕ್ಕೆ ಬಂದವಳು ನಾನು.
ಮಿರೊಸ್ಲಾವನ ಚರ್ಮದ ಕೋಟಿನ ಹೊಲಿಗೆ
ಎಲ್ಲೆಲ್ಲಿ ಬಿಚ್ಚಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ;
ದಾರಿ ಮಾತ್ರ ಗೊತ್ತಿಲ್ಲ.
ವಿಚ್ಛೇದನದಲ್ಲಿ ಅವನಿಗೆ ಮನೆ ಹೋಯಿತು, ನನಗೆ ಬೈಕು ಬಂತು.
ವಕೀಲರು ಎರಡು ಸಲ ಕೇಳಿದರು: ಖಂಡಿತವಾ?

ಈ ವರ್ಷ ಹ್ಯಾಂಡಲ್ ನನ್ನ ಕೈಯಲ್ಲಿ.
ವಿಸೋಚಿನಾದ ಏರು, ಇಳಿಜಾರು, ಮತ್ತೆ ಏರು,
ರಸ್ತೆಯಂಚಿಗೆ ಯಾರೂ ಕೀಳದ ಪ್ಲಮ್ಮು.
ಮುಂದೆ ರಾದಿಮ್, ಹಿಂದೆ ಓಟಾಕರ್,
ಅವನ ಸೈಡ್‌ಕಾರಿನಲ್ಲಿ ಜ್ಡೆಂಕಾ,
ಜ್ಡೆಂಕಾಳ ತೊಡೆಯ ಮೇಲೆ ಅವಳಜ್ಜಿಯ ಕಬ್ಬಿಣದ ಬಾಣಲೆ.
ಮೇಳಕ್ಕೆ ಇನ್ನು ಏಳೇ ಕಿಲೋಮೀಟರು. ಆಗ
ಕಾಲ ಕೆಳಗೆ ಏನೋ ಕಟಕ್ಕೆಂದಿತು.
ಕೋಲು ಸುಮ್ಮನೆ ತಿರುಗತೊಡಗಿತು, ಕೀಲಿ ಸವೆದ ಗಡಿಯಾರದ ಮುಳ್ಳಿನಂತೆ.
ಮೂರನೇ ಗೇರು. ಅಲ್ಲೇ.
ಮೇಲೂ ಇಲ್ಲ, ಕೆಳಗೂ ಇಲ್ಲ.

ಮುಂದಿನ ಏರಿನಲ್ಲಿ ಕೆಮ್ಮಿ ನಿಂತಿತು.
ಹುಲ್ಲು ಕೊಯ್ದು ಮುಗಿಸಿದ್ದ ರೈತನೊಬ್ಬ ನಮ್ಮನ್ನು ನೋಡಿ,
ಬೆಂಕಿ ಹಚ್ಚುವುದಾದರೆ ಹಳ್ಳದ ಹತ್ತಿರ, ಅಂದ.
ಟ್ರ್ಯಾಕ್ಟರಿನಿಂದ ಇಳಿಯಲೂ ಇಲ್ಲ.
ಡೇರೆ ಎದ್ದವು. ರಾದಿಮ್ ಮಾತ್ರ ಹೆಲ್ಮೆಟ್ ತೆಗೆಯಲಿಲ್ಲ.
ಹತ್ತೊಂಬತ್ತು ವರ್ಷ ಹೆಸರು ಬರೆಸಿದ್ದೇನೆ, ಅಂದ,
ಒಂದು ವರ್ಷವೂ ತಪ್ಪಿಲ್ಲ.
ಹೋಗು ಎಂದು ಯಾರೂ ಅನ್ನಲಿಲ್ಲ. ಹೋದ.
ಜ್ಡೆಂಕಾ ಈರುಳ್ಳಿ ಹೆಚ್ಚಿದಳು,
ಈರುಳ್ಳಿಯ ಹೆಸರೇ ರಾದಿಮ್ ಅನ್ನುವ ಹಾಗೆ.

ಗುಡ್ಡದಾಚೆ ಮೇಳ ಕೇಳಿಸುತ್ತಿತ್ತು.
ಮುನ್ನೂರು ಹಳೆಯ ಎಂಜಿನ್ನು, ಕಾದೆಣ್ಣೆಯಲ್ಲಿ ಸಾಸಿವೆ ಸಿಡಿದಂತೆ;
ಮೈಕಿನಲ್ಲಿ ಯಾರೋ ಯಾರಿಗೋ ಬಹುಮಾನ ಕೊಡುತ್ತಿದ್ದರು,
ಗಾಳಿ ಹೆಸರನ್ನಷ್ಟೇ ತಿಂದು ಚಪ್ಪಾಳೆಯನ್ನು ನಮಗೆ ದಾಟಿಸುತ್ತಿತ್ತು.
ನಾವೂ ತಟ್ಟಿದೆವು. ಸೊಳ್ಳೆಯೂ ಸತ್ತವು.

ಕತ್ತಲಾದ ಮೇಲೆ ಒಂದೇ ದೀಪ ಹುಲ್ಲಿನೊಳಗೆ ತೂಗಾಡುತ್ತ ಬಂತು.
ಪೇಪರಿನಲ್ಲಿ ಸುತ್ತಿದ ಆರು ಸಾಸೇಜು,
ಜೇಬಿನಲ್ಲಿ ಒಂದು ಬ್ಯಾಡ್ಜು.
ಒಬ್ಬನೇ ಬಂದೆಯಾ ಅಂತ ಕೇಳಿದರು, ಅಂದ ರಾದಿಮ್.
ನೀನೇನಂದೆ?
ಸಾಸೇಜು ಆರು ಕೊಡಿ ಅಂದೆ.
ಬ್ಯಾಡ್ಜನ್ನು ಜ್ಡೆಂಕಾ ಬಾಣಲೆಯ ಹಿಡಿಗೆ ಕಟ್ಟಿದಳು:
ನಿಜವಾಗಿ ಒಂದು ವರ್ಷವೂ ತಪ್ಪದೆ ಬಂದದ್ದು ಇದೊಂದೇ.

ರಾತ್ರಿ ಇಬ್ಬನಿ ಡೇರೆಯ ಬಟ್ಟೆಯನ್ನು ಮೂಗಿಗೆ ತಂದು ಮುಟ್ಟಿಸಿತು.
ಪ್ಲಮ್ಮಿನ ಸಾರಾಯಿ ಗಂಟಲಿನವರೆಗೆ ಬಿಸಿ, ಪಾದಕ್ಕೆ ಇಳಿಯದು.
ಓಟಾಕರನ ಗೊರಕೆ ಮಾತ್ರ
ನಾಲ್ಕೂ ಗೇರು ಸಲೀಸಾಗಿ ಬದಲಿಸಿತು.

ಬೆಳಿಗ್ಗೆ ಮೂವರೂ ಸೇರಿ ಇಳಿಜಾರಿನಲ್ಲಿ ನನ್ನನ್ನು ನೂಕಿದರು.
ಕ್ಲಚ್ ಬಿಟ್ಟೆ. ಹಿಡಿಯಿತು!
ನಿಲ್ಲಿಸಬೇಡ, ಕೂಗಿದರು, ಎಲ್ಲೂ ನಿಲ್ಲಿಸಬೇಡ,
ಡೇರೆ ಮಡಿಚಿ ಹಿಂದೆಯೇ ಬರುತ್ತೇವೆ.

ಹೀಗಾಗಿ ಆ ಊರಿನ ಸರ್ಕಲ್ಲಿನಲ್ಲಿ, ಭಾನುವಾರ, ಏಳೂವರೆಗೆ,
ನಾನು ಕಲ್ಲಿನ ಸಂತನೊಬ್ಬನಿಗೆ ಪ್ರದಕ್ಷಿಣೆ ಹಾಕುತ್ತಿದ್ದೆ.
ಬಸ್ಸಿಗೆ ಕಾದಿದ್ದ ಮುದುಕಿ ಮೂರನೇ ಸುತ್ತಿಗೆ ಶಿಲುಬೆ ಮುಟ್ಟಿಕೊಂಡಳು,
ಆರನೆಯದಕ್ಕೆ ಕೈಬೀಸಿದಳು,
ಒಂಬತ್ತಕ್ಕೆ ಬಸ್ಸು ಬಂದು ಹೋಯಿತು, ಅವಳು ಹತ್ತಲಿಲ್ಲ.
ಆಮೇಲೆ ರಾದಿಮ್ ಒಳಬಂದ. ಅವನ ಹಿಂದೆ ಸೈಡ್‌ಕಾರು,
ಬಿಸಿಲಿಗೆ ಬಾಣಲೆಯ ಹಿಡಿಯಲ್ಲಿ ಮಿನುಗುವ ಬ್ಯಾಡ್ಜು.
ಅವರ ಗೇರುಗಳೆಲ್ಲ ಸರಿಯಿದ್ದವು,
ಆದರೂ ಯಾರೂ ಹೊರಗೆ ತಿರುಗಲಿಲ್ಲ.
ನೀಲಿ ಹೊಗೆ ಸಂತನ ಮೊಣಕಾಲಿಗೆ ಬಂತು.

ಮನೆಯ ದಾರಿ ಬಲಗಡೆ ಎರಡನೆಯದು.
ಬೋರ್ಡು ಓದಿದೆ, ಸ್ಪಷ್ಟವಾಗಿ ಬರೆದಿದ್ದಾರೆ.
ಇನ್ನೊಂದು ಸುತ್ತು.