ಬಲಗಾಲಿನ ಅಳತೆ

ಕರೆಂಟು ಹೋದ ರಾತ್ರಿ, ಅಂಗಡಿಯ ಮೂರನೇ ಮೆಟ್ಟಿಲು.
ಅಷ್ಟೇ.
ಈಗ ಒಳಗೊಂದು ಉಕ್ಕಿನ ಪಟ್ಟಿ, ಆರು ತಿರುಪು;
ಹೊರಗೆ ಹನ್ನೊಂದು ಹೊಲಿಗೆಯ ಗುರುತು.
ದೂರ ದೂರ ಹಾಕಿದ್ದಾರೆ,
ನಾನಾಗಿದ್ದರೆ ಹತ್ತಿರ ಹಾಕುತ್ತಿದ್ದೆ.

ಮೆಗ್ಗಾನ್ ಆಸ್ಪತ್ರೆಯ ಫಿಸಿಯೋ ಹುಡುಗಿ ಸುಫಲಾ
ನನ್ನದೇ ಟೇಪು ಇಸಿದುಕೊಂಡು
ನನ್ನ ಮೀನಖಂಡಕ್ಕೆ ಸುತ್ತಿದಳು.
ದುರ್ಗಿಗುಡಿಯ ಎಷ್ಟು ಸೊಂಟ ಸುತ್ತಿಬಂದ ಟೇಪು!
ಎಡ ಮೂವತ್ತನಾಲ್ಕು, ಬಲ ಮೂವತ್ತು.
ಹೆಸರಿಗೆ ಮೀನು; ಪ್ಲಾಸ್ಟರ್ ಬಿಚ್ಚಿದಾಗ ಒಣ ಸೀಗಡಿ.

“ಮೂಳೆ ಕೂಡಿದೆ ವಿಠೋಬಣ್ಣ,
ಸ್ನಾಯುವಿಗೆ ಸುದ್ದಿ ಮುಟ್ಟಿಲ್ಲ ಇನ್ನೂ.”

ಗೋಡೆ ಹಿಡಿದು ಹಿಮ್ಮಡಿ ಎತ್ತುತ್ತೇನೆ.
ಎರಡೂ ಕಾಲಲ್ಲಿ ಹತ್ತು. ಬಲಗಾಲೊಂದರಲ್ಲೇ?
ನೆಲ ಬಿಡುವುದಿಲ್ಲ,
ಸಾಲ ಕೊಟ್ಟವನ ಹಾಗೆ ಹಿಡಿದುಕೊಳ್ಳುತ್ತದೆ.
ಬಿ.ಎಚ್. ರಸ್ತೆ ದಾಟುವಾಗ ಆಟೋ ಹಾರ್ನ್ ಹೊಡೆದರೆ
ಎಡಗಾಲು ಓಡುತ್ತದೆ, ಬಲಗಾಲು ಯೋಚಿಸುತ್ತದೆ.

ಮೋಟಾರು ಹಾಕಿಸು ಅಂತಾನೆ ಗುಂಡಿ ಅಂಗಡಿಯ ಇಲಿಯಾಸ್.
ಬೇಡ, ತುಳಿಯಿರಿ, ಅನ್ನುತ್ತಾಳೆ ಅವಳು,
ದಿನಕ್ಕೆ ಇಪ್ಪತ್ತು ನಿಮಿಷ, ಬಟ್ಟೆ ಇಲ್ಲದೆ.
ದಾರ ಬಿಚ್ಚಿದ ಮಿಷನ್ನು, ಸೂಜಿಯಡಿ ಹಳೇ ಪೇಪರು,
ತುಳಿದಂತೆಲ್ಲ ತೂತಿನ ಸಾಲು.
ಮೊದಲ ವಾರ ಕುಡಿದವನ ನಡಿಗೆ.
ನಿನ್ನೆ ಬೆಳಕಿಗೆ ಹಿಡಿದು ನೋಡಿದರೆ
ಒಂದು ಗೇಣು ನೇರ ಇತ್ತು,
ಆಮೇಲೆ ಚಕ್ರ ಹಿಂದಕ್ಕೆ ತಿರುಗಿದೆ.

ಇವತ್ತು ಬಲ ಮೂವತ್ತೊಂದೂವರೆ.
ಉಳಿದದ್ದು ಯಾವಾಗ ಅಂತ ಕಾಲನ್ನೇ ಕೇಳಿದೆ,
ಗದರಿಸಿಯೇ ಕೇಳಿದೆ.
ಇಪ್ಪತ್ತಾರು ವರ್ಷ ನಾನು ಗಿರಾಕಿಗಳಿಗೆ
ಹೇಳಿಕೊಂಡು ಬಂದದ್ದನ್ನೇ ಹೇಳಿತು:
ನಾಳೆ ಬನ್ನಿ.