ಬಿ ಬದಿ, ಮೂರನೆಯ ಹಾಡಾದ ಮೇಲೆ

ರಾದರ್‌ಹ್ಯಾಮ್‌ನಲ್ಲಿ ನನಗೆ ಸಂಬಳ ಕೊಡುವುದು
ಹಾಡು ಕೇಳುವುದಕ್ಕಲ್ಲ,
ಹಾಡಿನಲ್ಲಿ ಇರಬಾರದ್ದನ್ನು ಕೇಳುವುದಕ್ಕೆ.

ಪಕ್ಕದ ಶೆಡ್ಡಿನಲ್ಲಿ ಆವಿ ಬುಸುಗುಡುತ್ತದೆ.
ಕಾದ ಕರಿಯುಂಡೆಯನ್ನು ಎರಡು ಅಚ್ಚಿನ ನಡುವೆ
ಹೋಳಿಗೆಯ ಹಾಗೆ ಒತ್ತಿ, ಅಂಚು ಕತ್ತರಿಸಿ
ಐವತ್ತಕ್ಕೊಂದು ನನ್ನ ಮೇಜಿಗೆ ಕಳಿಸುತ್ತಾನೆ ಡೆರೆಕ್.
ಮುಳ್ಳು ಇಳಿಸಿ ಕಣ್ಣು ಮುಚ್ಚುತ್ತೇನೆ.
ಟಿಕ್ ಅಂದರೆ ಧೂಳು,
ಚರ್ ಅಂದರೆ ಅಚ್ಚು ತಣಿದಿದೆ,
ಉಸ್ ಅಂದರೆ ಡೆರೆಕ್‌ನನ್ನೇ ಕರೆಯಬೇಕು.

ಅಮ್ಮನಿಂದ ಬಂದ ಕಸುಬು ಇದು.
ತಿಪಟೂರು ಸಂತೆಯಲ್ಲಿ ಬೆರಳ ಗೆಣ್ಣಿನಿಂದ ಬಡಿದು
ಮಡಕೆಯ ಬಾಯಿಗೆ ನನ್ನ ಕಿವಿ ಒಡ್ಡಿಸುತ್ತಿದ್ದಳು:
ಟಣ್ ಅಂದರೆ ತಗೋ.
ಟಪ್ ಅಂದರೆ, ಕುಂಬಾರನ ಮುಖ ನೋಡಬೇಡ, ನಡಿ.

ಬುಧವಾರ ರಾತ್ರಿ ಬಂದದ್ದು ಲಾಸ್ಟ್ ಬಸ್ ಟು ಮಾಲ್ಟ್‌ಬಿ.
ಹೆಸರು ಬ್ಯಾಂಡಿನದೋ ರೆಕಾರ್ಡಿನದೋ ಚೀಟಿಯಲ್ಲಿ ಸ್ಪಷ್ಟವಿಲ್ಲ.
ಮೊದಲ ಆಲ್ಬಂ. ಮುನ್ನೂರು ಪ್ರತಿ.
ಹಣ ಮುಂಗಡ, ಅದರಲ್ಲೊಂದು ಚೀಲ
ಬರೀ ಪೌಂಡಿನ ಬಿಲ್ಲೆಗಳಂತೆ,
ಎಣಿಸಿ ಎಣಿಸಿ ಕೈ ಕಪ್ಪಾಯಿತೆಂದಳು ಆಫೀಸಿನ ಮೋಯ್ರಾ.

ಎ ಬದಿ ಪೂರ್ತಿ ಓಟ. ಯಾರೂ ಯಾರಿಗೂ ಕಾಯುವುದಿಲ್ಲ.
ಹುಡುಗಿಯ ದನಿ ಮೇಲಿನ ಸ್ವರಕ್ಕೆ ಕೈ ಚಾಚಿ
ತುದಿಬೆರಳಲ್ಲಿ ಮುಟ್ಟಿ ಬಿಟ್ಟುಬಿಡುತ್ತದೆ.
ಅದು ದೋಷವಲ್ಲ, ವಯಸ್ಸು.
ನನ್ನ ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಬಿ ಬದಿ, ಮೂರನೆಯ ಹಾಡು ಮುಗಿದು
ನಾಲ್ಕನೆಯದಕ್ಕೆ ಇನ್ನೂ ಕೋಲು ಬೀಳುವ ಮುಂಚೆ
ಗುರ್‌ರ್.
ತಗ್ಗಿನಲ್ಲಿ, ಉದ್ದಕ್ಕೆ, ಕೊನೆಗೆ ಪ್ರಶ್ನೆಯಂತೆ ಎದ್ದು.
ಇನ್ನೊಂದು ಪ್ರತಿ ತರಿಸಿದೆ. ಗುರ್‌ರ್.
ಮತ್ತೊಂದು. ಅದೇ ಜಾಗ, ಅದೇ ಪ್ರಶ್ನೆ.
ಯಂತ್ರ ನಿಲ್ಲಿಸು ಅಂದೆ. ಡೆರೆಕ್ ಬೈದ, ನಿಲ್ಲಿಸಿದ.

ಬೆಳಿಗ್ಗೆ ಎಂಟಕ್ಕೆ ಫೋನು ಮಾಡಿದೆ.
ಟ್ಯಾಮ್ಸಿನ್ ಎಂಬವಳು ಎತ್ತಿದಳು, ನಿದ್ದೆಯ ಗಂಟಲು.
ನಿಮಿಷ ಹೇಳಿದೆ, ಸೆಕೆಂಡು ಹೇಳಿದೆ,
ಕೊನೆಗೆ ಸದ್ದನ್ನೇ ಮಾಡಿ ತೋರಿಸಿದೆ,
ಐವತ್ತೆರಡರ ಹೆಂಗಸು, ಫೋನಿನಲ್ಲಿ, ಗುರ್‌ರ್ ಅಂತ.
ಅವಳ ನಗು ನಿಲ್ಲಲೇ ಇಲ್ಲ.

ಅದು ಫಿನ್ಲೆಯ ಹೊಟ್ಟೆ, ಅಂದಳು. ನಮ್ಮ ಡ್ರಮ್ಮರ್.
ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕ,
ಚಿಪ್ಸಿನ ದುಡ್ಡೂ ಅದಕ್ಕೇ ಹೋಗಿತ್ತು. ಮೈಕು ಹತ್ತಿರವಿತ್ತು.
ತೆಗೆದೂ ಕೇಳಿದೆವು.
ತೆಗೆದ ಮೇಲೆ ನಾಲ್ಕನೆಯ ಹಾಡು
ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ.

ನನ್ನ ಭಾಷೆಯಲ್ಲಿ, ಹಸಿದರೆ
ಹೊಟ್ಟೆ ತಾಳ ಹಾಕುತ್ತದಮ್ಮಾ,
ಹೇಳಬೇಕೆಂದು ಬಾಯಿ ತೆರೆದೆ.
ಇಂಗ್ಲಿಷಿಗೆ ತರುವಷ್ಟರಲ್ಲಿ ಹೊಟ್ಟೆ ಒಂದು ಕಡೆ, ತಾಳ ಒಂದು ಕಡೆ.
ಸರಿ, ಒತ್ತುತ್ತೇವೆ ಅಂದು ಇಟ್ಟೆ.
ದೋಷ: ಇಲ್ಲ. ಸಹಿ ನನ್ನದು.

ಶುಕ್ರವಾರ ನಸುಕಿಗೆ ಬಂದರು,
ಯಾರದೋ ಬ್ರೆಡ್ಡಿನ ವ್ಯಾನು ಕಡ ತಂದು.
ನಾಲ್ವರೂ ಸಣಕಲು, ಫಿನ್ಲೆ ಯಾರೆಂದು ನಾನು ಕೇಳಲಿಲ್ಲ.
ಒಬ್ಬ ಮಾತ್ರ ಪ್ರತಿ ಪೆಟ್ಟಿಗೆಯನ್ನೂ ಎತ್ತುವ ಮುಂಚೆ
ಗೆಣ್ಣಿನಿಂದ ಬಡಿದು ನೋಡುತ್ತಿದ್ದ.
ಟಪ್.
ಟಪ್.
ತುಂಬಿದ ಪೆಟ್ಟಿಗೆ ಹಾಗೇ ಅನ್ನುವುದು.
ಈ ಸಲ ಮುಖ ನೋಡಿದೆ.