ಐವತ್ಮೂರನೇ ಕಾರ್ಡು

ಬನಹಟ್ಟಿಯೊಳಗ ಐತವಾರ ಸಂಜೀಕ
ಮಗ್ಗ ಬಂದ್ ಆದಮ್ಯಾಲೂ ಕಿವಿಯೊಳಗ ಮಗ್ಗ ಓಡತಿತ್ತು.
ಅದರ ಮ್ಯಾಲ ದನಿ ಏರಿಸಿ ಒದರತಿದ್ದಳು
ನಮ್ಮ ಬೌರವ್ವ ಅತ್ತಿ:
"ಏಳೋ ಸಾಂಬಣ್ಣಾ, ಏಳೋ ನನ್ನಪ್ಪಾ!"

ಸಾಂಬಣ್ಣ ಅಂದ್ರ ಸೈಕ್ಲೋನ್ ಸ್ಯಾಮ್.
ಊರು ಯಾವುದೋ, ಕುಲ ಯಾವುದೋ,
ಹಳದಿ ಚಡ್ಡಿ, ಮೊಳಕಾಲಿಗೆ ಕರೀ ಪಟ್ಟಿ,
ಸೊಂಟಕ್ಕ ಊಟದ ಗಂಗಾಳದಷ್ಟು ಬೆಲ್ಟಿನ ಬಿಲ್ಲೆ.
ಅವನ ವೈರಿ ಬುಚರ್ ಬೋರಿಸ್‌ಗೆ
ಅತ್ತಿ ಇಟ್ಟ ಹೆಸರು ಬ್ಯಾರೆ. ಅದನ್ನ ಇಲ್ಲಿ ಬರಿಯಾಂಗಿಲ್ಲ.

ವಾರಪೂರ್ತಿ ಕಂಡಿಕಿ ಸುತ್ತಿದ ಕೈ
ಅವತ್ತೊಂದು ತಾಸು ಗಾಳಿಯೊಳಗ ಪಟ್ಟು ಹಾಕತಿತ್ತು.
ಸಿನಿಮಾದೊಳಗ ಫೈಟಿಂಗ್ ಮುಗದ್ರ ಎದ್ದು ಬರಾಕಿ,
ಧಾರಾವಾಹಿಯ ಅತ್ತಿ-ಸೊಸಿ ಜಗಳಕ್ಕ ಆಕಳಿಸಾಕಿ.
ಹಡಪದ ದಾನಪ್ಪನ ಅಂಗಡಿಯಿಂದ
ಎಂಟಾಣೆ ಬಾಡಿಗಿಗೆ ನಾ ತರತಿದ್ದ ಚಿತ್ರಪುಸ್ತಕದೊಳಗ,
ಅಕ್ಷರ ಬರದಿದ್ರೂ, ಹೊಡತದ ಚಿತ್ರಕ್ಕ ಬೆರಳಿಟ್ಟು
"ಇಂವ ಮೊದಲ ಹೊಡದನೋ, ಅಂವ ಮೊದಲೋ?" ಅಂತ ಕೇಳಾಕಿ.
ನ್ಯಾಯ ಅಲ್ಲಿಂದ ಸುರು ಆಗಬೇಕು ಆಕಿಗೆ.

ನನ್ನ ಹತ್ರ ಐವತ್ತೆರಡು ಕಾರ್ಡು.
ಎತ್ತರ, ತೂಕ, ಎದಿ ಅಳತಿ, ಆಡಿದ ಕುಸ್ತಿ, ರ‍್ಯಾಂಕು.
ಕಟ್ಟಿಮ್ಯಾಲ ಶ್ರೀಶೈಲ ಜಿಡ್ಡಿಮನಿ ಕೂಡ
ಒಂದು ಇಂಚಿಗೆ ಗೆದ್ದೆ, ಒಂದು ಪೌಂಡಿಗೆ ಸೋತೆ.
ಪೌಂಡು ಅಂದ್ರ ಏನಂತ ಇಬ್ಬರಿಗೂ ಗೊತ್ತಿರಲಿಲ್ಲ.

ಗಿರಮಲ್ಲ ಮಾಮಾ ಮಾತ್ರ ಟಿವಿಗೆ ಬೆನ್ನು ಮಾಡಿ ಕೂಡತಿದ್ದ.
ಗರಡಿಮನಿಯೊಳಗ ಮುರುಟಿದ ಕಿವಿ,
ತೇರದಾಳದ ಕಣದಾಗ ಎಲಬು ಸರಿದ ಎಡಭುಜ,
ಆ ಭುಜದ ಮ್ಯಾಲ ಹದಿನಾರು ವರ್ಷದಿಂದ ಟಾವೆಲ್ಲು.
"ಎಲ್ಲಾ ಸುಳ್ಳ ಅದು. ಮೊದಲ ಮಾತಾಡಿಕೊಂಡಿರತಾರ."
"ಕಂಪನಿ ನಾಟಕದಾಗ ರಾಜಾ ಸತ್ತಾಗ
ಮೂಗು ಒರಸಿಕೊಂಡವರು ಯಾರು?" ಅಂತ ಅತ್ತಿ.
ಮಾಮಾ ತಂಬಾಕ ತಿಕ್ಕತಿದ್ದ, ಜೋರಲೇ.

ಅವತ್ತು ಬೆಲ್ಟಿನ ಕುಸ್ತಿ.
ಸಾಂಬಣ್ಣ ಹಗ್ಗದ ಮ್ಯಾಲ ಏರಿ ನಿಂತಾನ,
ಬೋರಿಸ್ ಕೆಳಗ ಅಂಗಾತ,
ಸಾಂಬಣ್ಣ ಜಿಗದ—
ಕರೆಂಟ್ ಹೋತು.

ಓಣಿಗೆ ಓಣಿನೇ ಒಂದು ಕೆಟ್ಟ ಬೈಗಳು ಬೈತು.
ಎತ್ತಿದ ಕೈ ಎತ್ತಿದಂಗ ಅತ್ತಿ ಕತ್ತಲದಾಗ ಕುಂತಳು.
ಕಂದೀಲು ಹಚ್ಚಿದಮ್ಯಾಲ ಕಂಡಿತು, ಕಣ್ಣು ತುಂಬಿದ್ದವು.
"ಅಂವ ಬಿದ್ದನೋ, ಇಲ್ಲೋ?"

ಮಾಮಾ ತಂಬಾಕ ಉಗುಳಿ ಬಂದ.
"ಬೀಳೂದು ಸಸಾರ ಅಲ್ಲ" ಅಂದ.
"ಗದ್ದ ಎದಿಗೆ ಹಚ್ಚಬೇಕು. ಅಂಗೈ ನೆಲಕ್ಕ ಬಡೀಬೇಕು,
ಬೆನ್ನಿಗಿಂತ ಒಂದು ಚೂರು ಮೊದಲ.
ಗೆಲ್ಲೂದು ಸುಳ್ಳ ಇರಬಹುದು ಅವರದು.
ಬೀಳೂದು ಖರೇ."
ಹಂಗಂದಾಂವ ಟಾವೆಲ್ಲು ತಗದು ಗೂಟಕ್ಕ ಹಾಕಿದ,
ನೂಲಿನ ಚೀಲದ ಮ್ಯಾಲ ಹತ್ತಿದ,
ನಾವು ಬ್ಯಾಡ ಅನ್ನೂದರೊಳಗ ಬಿದ್ದ.

ಧಪ್ ಅಂತು ನೆಲ. ಕಂದೀಲಿನ ಕುಡಿ ನಡುಗಿತು.
ಗ್ವಾಡಿ ಮ್ಯಾಲ ಮಾಮಾನ ನೆರಳು ಒಮ್ಮೆ ತೊಲಿ ಮುಟ್ಟಿ ಬಂತು.
ಅತ್ತಿ ಸೆರಗು ಸಿಗಿಸಿ, ಮಂಡಿಯೂರಿ,
ನೆಲ ಬಡದು ಎಣಿಸಿದಳು: ಒಂದ... ಎರಡ...
ಮೂರು ಅನ್ನೂದಕ್ಕ ಭಾಳ ಹೊತ್ತು ತಗೊಂಡಳು.
ಮಾಮಾ ಭುಜ ಎತ್ತಿದ.
ಎಡದ್ದು.

ಕರೆಂಟ್ ಬಂದಾಗ ಟಿವಿಯೊಳಗ ಸಬಕಾರದ ಜಾಹೀರಾತು.
ಬೆಲ್ಟು ಯಾರಿಗೆ ಹೋತು ಅಂತ ಸೋಮವಾರ
ಸಾಲ್ಯಾಗ ಮೂರು ಮಂದಿ ಮೂರು ಹೇಳಿದರು.

ನಾ ಸೀರಿ ಡಬ್ಬಿಯ ರಟ್ಟು ಕತ್ತರಿಸಿ
ಐವತ್ಮೂರನೇ ಕಾರ್ಡು ಮಾಡಿದೆ.
ಗಿರಮಲ್ಲ ಪೈಲ್ವಾನ್, ಬನಹಟ್ಟಿ.
ಎತ್ತರ: ಬಾಗಿಲ ಚೌಕಟ್ಟಿಗಿಂತ ಗೇಣು ಕಡಿಮಿ.
ತೂಕ: ಒಂದು ಚೀಲ ನೂಲು.
ಆಡಿದ ಕುಸ್ತಿ: ಕೇಳಿದರ ಹೇಳಾಂಗಿಲ್ಲ.
ರ‍್ಯಾಂಕು: ಒಂದು.

ಶ್ರೀಶೈಲ ನೋಡಿ ನಕ್ಕ. "ಇದು ಸುಳ್ಳ ಕಾರ್ಡು" ಅಂದ.
ಅವನ ಕೈ ಹಿಂದಕ್ಕ ತಿರುವಿ ಕಟ್ಟಿಯಿಂದ ಕೆಳಗ ಕೆಡವಿದೆ.
ಗದ್ದ ಎದಿಗೆ ಹಚ್ಚೂದು ಅವಗ ಯಾರೂ ಹೇಳಿರಲಿಲ್ಲ.